ಎಚ್ಆರ್ ವೃತ್ತಿಯ ಮೊದಲ ಕೆಲಸವಾಗಿ ಬಿಸಿನೆಸ್ ಡೆವಲಪ್‌ಮೆಂಟ್: ಒಪ್ಪಬೇಕೇ, ಬಿಡಬೇಕೇ?

ಮಾನವ ಸಂಪನ್ಮೂಲ (ಎಚ್ಆರ್) ವಿಷಯದಲ್ಲಿ ಓದು ಮುಗಿಸಿ ಕೆಲಸ ಹುಡುಕಲು ಹೊರಟವರಿಗೆ ಒಂದು ಇಕ್ಕಟ್ಟು ಎದುರಾಗುತ್ತದೆ. ಕಂಪನಿಗಳ ಎಚ್ಆರ್ ವಿಭಾಗಕ್ಕೆ ಅರ್ಜಿ ಹಾಕಿದರೆ ಒಂದೆರಡು ವರ್ಷದ ಅನುಭವ ಕೇಳುತ್ತಾರೆ. ಅನುಭವ ಕೇಳದೆ ಕರೆಯುವ ಸಂಸ್ಥೆ ಕೊಡುವ ಪತ್ರದಲ್ಲಿ ಹುದ್ದೆಯ ಹೆಸರು ‘ಎಚ್ಆರ್ ಬಿಸಿನೆಸ್ ಡೆವಲಪ್‌ಮೆಂಟ್ ಎಕ್ಸಿಕ್ಯುಟಿವ್’ ಎಂದಿರುತ್ತದೆ. ಅದರಲ್ಲಿ ಎಚ್ಆರ್ ಎಂಬ ಪದ ಇದೆ, ಆದರೆ ಕೆಲಸ ಮಾತ್ರ ಗ್ರಾಹಕರನ್ನು ಹುಡುಕುವುದು. ಒಪ್ಪಿಕೊಂಡರೆ ಎಚ್ಆರ್ ವೃತ್ತಿಗೆ ಕಾಲಿಟ್ಟಂತಾಯಿತೇ, ಅಥವಾ ಮಾರಾಟದ ಕಡೆಗೆ ಹೊರಳಿದಂತಾಯಿತೇ?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಗ್ರಾಹಕ ಕಂಪನಿ ಒಪ್ಪಂದಕ್ಕೆ ಸಹಿ ಹಾಕಿದ ಮೇಲೂ ಆ ಕಂಪನಿಯ ಖಾಲಿ ಹುದ್ದೆಗಳ ಜೊತೆ ನಿಮಗೆ ಸಂಬಂಧ ಉಳಿಯುವುದಾದರೆ ಇದು ಒಳ್ಳೆಯ ಆರಂಭ. ಹಲವು ವಿಷಯಗಳಲ್ಲಿ, ಕಡತ ಜೋಡಿಸುವ ಎಚ್ಆರ್ ಸಹಾಯಕನ ಕೆಲಸಕ್ಕಿಂತ ಒಳ್ಳೆಯದು. ಸಹಿಯಾದ ಕ್ಷಣದಲ್ಲಿ ಗ್ರಾಹಕನನ್ನು ಬೇರೆಯವರ ಕೈಗೆ ಒಪ್ಪಿಸಿ ನೀವು ಮುಂದಿನ ಫೋನ್ ಸಂಖ್ಯೆಗೆ ಹೋಗಬೇಕೆಂದಿದ್ದರೆ, ಅದು ಮಾರಾಟದ ಕೆಲಸ. ಮಾರಾಟ ಗೌರವದ ವೃತ್ತಿಯೇ, ಆದರೆ ಅದನ್ನು ಎಚ್ಆರ್ ಅನುಭವ ಎಂದು ನಂಬಿ ಎರಡು ವರ್ಷ ಕಳೆಯುವುದು ನೋವಿನ ಸಂಗತಿ.

ಹೆಸರು ಒಂದೇ, ಕೆಲಸ ಬೇರೆ ಬೇರೆ

ಈ ಹೆಸರಿನಡಿ ಕನಿಷ್ಠ ಮೂರು ಬಗೆಯ ಕೆಲಸಗಳಿವೆ. ಮೊದಲನೆಯದು ನೇಮಕಾತಿ ಏಜೆನ್ಸಿಯಲ್ಲಿ. ಕಂಪನಿಗಳನ್ನು ಸಂಪರ್ಕಿಸಿ, ‘ನಿಮಗೆ ಬೇಕಾದ ಉದ್ಯೋಗಿಗಳನ್ನು ನಾವು ಹುಡುಕಿಕೊಡುತ್ತೇವೆ’ ಎಂದು ಒಪ್ಪಂದ ಮಾಡಿಕೊಳ್ಳುವುದು. ಎರಡನೆಯದು ಪೇರೋಲ್ (ಸಂಬಳದ ಲೆಕ್ಕ) ತಂತ್ರಾಂಶ, ಹಾಜರಾತಿ ವ್ಯವಸ್ಥೆ, ತರಬೇತಿ, ಅಭ್ಯರ್ಥಿಗಳ ಹಿನ್ನೆಲೆ ಪರಿಶೀಲನೆ ಇಂಥ ಸೇವೆಗಳನ್ನು ಎಚ್ಆರ್ ವಿಭಾಗಗಳಿಗೆ ಮಾರುವುದು. ಮೂರನೆಯದರಲ್ಲಿ ಎಚ್ಆರ್ ಎಂಬುದು ಬರೀ ಆಕರ್ಷಣೆಯ ಪದ. ಒಳಗೆ ಹೋದರೆ ಕಮಿಷನ್ ಮೇಲೆ ಯಾವುದೋ ಯೋಜನೆಗೆ ಜನರನ್ನು ಸೇರಿಸುವುದೇ ಕೆಲಸ. ಅದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಿಗದಿತ ಸಂಬಳ ಇಲ್ಲದಿದ್ದರೆ, ಅಥವಾ ಕೆಲಸಕ್ಕೆ ಸೇರಲು ನಿಮ್ಮಿಂದಲೇ ಠೇವಣಿ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಇನ್ನೊಂದು ಹುದ್ದೆಯ ಜೊತೆಗೂ ಇದನ್ನು ಬೆರೆಸಿಕೊಳ್ಳುವವರಿದ್ದಾರೆ: ಎಚ್ಆರ್ ಬಿಸಿನೆಸ್ ಪಾರ್ಟ್‌ನರ್. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೇವ್ ಉಲ್ರಿಚ್ 1997ರಲ್ಲಿ ಎಚ್ಆರ್ ವಿಭಾಗಕ್ಕೆ ನಾಲ್ಕು ಪಾತ್ರಗಳನ್ನು ಗುರುತಿಸಿದರು: ಸಂಸ್ಥೆಯ ಕಾರ್ಯತಂತ್ರದಲ್ಲಿ ಪಾಲುದಾರ, ಬದಲಾವಣೆಯ ಚಾಲಕ, ಆಡಳಿತದ ಪರಿಣತ, ನೌಕರರ ಪರವಾಗಿ ನಿಲ್ಲುವವ. ಇಂದಿನ ಬಿಸಿನೆಸ್ ಪಾರ್ಟ್‌ನರ್ ಹುದ್ದೆ ಬೆಳೆದದ್ದು ಆ ಚಿಂತನೆಯಿಂದ. ಅದು ಸಂಸ್ಥೆಯೊಳಗಿನ ಹುದ್ದೆ, ಸಾಮಾನ್ಯವಾಗಿ ಅನುಭವಸ್ಥರಿಗೆ ಸಿಗುವಂಥದ್ದು. ಬಿಸಿನೆಸ್ ಡೆವಲಪ್‌ಮೆಂಟ್ ಅದರ ಮೊದಲ ಮೆಟ್ಟಿಲೆಂದು ಸಂದರ್ಶನದಲ್ಲಿ ಯಾರಾದರೂ ಹೇಳಿದರೆ, ಆ ದಾರಿಯಲ್ಲಿ ಹೋದ ತಮ್ಮ ಉದ್ಯೋಗಿಗಳ ಉದಾಹರಣೆ ಕೊಡಿ ಎಂದು ಕೇಳಿ.

ಎಚ್ಆರ್ ಮತ್ತು ವ್ಯಾಪಾರ ಎರಡನ್ನೂ ಪರಸ್ಪರ ವಿರುದ್ಧವೆಂದು ಭಾವಿಸುವ ಅಗತ್ಯವಿಲ್ಲ. ಈ ವೃತ್ತಿ ಎರಡು ಮೂಲಗಳಿಂದ ಬಂದಿದೆ. ಬ್ರಿಟನ್ನಿನ ಎಚ್ಆರ್ ವೃತ್ತಿಪರರ ಸಂಸ್ಥೆ ಸಿಐಪಿಡಿ 1913ರಲ್ಲಿ ಯಾರ್ಕ್ ನಗರದಲ್ಲಿ ಹುಟ್ಟಿದಾಗ ಅದು ಕಾರ್ಖಾನೆಗಳ ಕಾರ್ಮಿಕ ಕಲ್ಯಾಣ ಅಧಿಕಾರಿಗಳ ಸಂಘವಾಗಿತ್ತು. ನೌಕರರ ಒಳಿತು ಅದರ ಕಾಳಜಿ. ಮತ್ತೊಂದು ಕಡೆ, ಅಮೆರಿಕದಲ್ಲಿ ಕೆಲ್ಲಿ ಸಂಸ್ಥೆ 1946ರಲ್ಲೂ ಮ್ಯಾನ್‌ಪವರ್ 1948ರಲ್ಲೂ ಕಂಪನಿಗಳಿಗೆ ತಾತ್ಕಾಲಿಕ ಸಿಬ್ಬಂದಿ ಒದಗಿಸುವ ವ್ಯಾಪಾರವಾಗಿ ಆರಂಭವಾದವು. ಇಂದು ಎಸ್ಎಚ್ಆರ್‌ಎಂ ಎಂದು ಹೆಸರಾಗಿರುವ ಅಮೆರಿಕದ ಎಚ್ಆರ್ ಸಂಘ ಸ್ಥಾಪನೆಯಾದದ್ದೂ ಅದೇ 1948ರಲ್ಲಿ. ಕಲ್ಯಾಣದ ಧಾರೆ, ವ್ಯಾಪಾರದ ಧಾರೆ ಎರಡೂ ಜೊತೆಜೊತೆಯಾಗಿಯೇ ಬೆಳೆದಿವೆ. ನೀವು ಯಾವ ಧಾರೆಯಿಂದ ಒಳಗೆ ಬಂದರೂ ಕೆಲವು ವರ್ಷಗಳಲ್ಲಿ ಇನ್ನೊಂದನ್ನು ಕಲಿಯಲೇಬೇಕಾಗುತ್ತದೆ. ಆಯ್ಕೆ ಇರುವುದು ಯಾವುದನ್ನು ಮೊದಲು ಕಲಿಯಬೇಕು ಎಂಬುದರಲ್ಲಿ ಮಾತ್ರ.

ಹಣ ಎಲ್ಲಿಂದ ಬರುತ್ತದೆ ಎಂದು ಮೊದಲು ಅರಿಯಿರಿ

ಒಂದು ಏಜೆನ್ಸಿಯಲ್ಲಿ ನೀವು ಏನು ಕಲಿಯುತ್ತೀರಿ ಎಂಬುದನ್ನು ಅದರ ಆದಾಯದ ಬಗೆಯೇ ಬಹುಮಟ್ಟಿಗೆ ನಿರ್ಧರಿಸುತ್ತದೆ. ಹೊಸಬರು ಕೇಳದೆ ಬಿಡುವ ವಿಷಯ ಇದೇ.

ಹಲವು ಏಜೆನ್ಸಿಗಳು ಕಾಯಂ ನೇಮಕಾತಿ ಮಾಡುತ್ತವೆ. ತಾವು ಕಳಿಸಿದ ಅಭ್ಯರ್ಥಿ ಕೆಲಸಕ್ಕೆ ಸೇರಿದರೆ ಮಾತ್ರ ಶುಲ್ಕ, ಇಲ್ಲದಿದ್ದರೆ ಏನೂ ಇಲ್ಲ. ಶುಲ್ಕ ಅಭ್ಯರ್ಥಿಯ ಮೊದಲ ವರ್ಷದ ಸಂಬಳದ ಇಂತಿಷ್ಟು ಭಾಗ. ವಾರ್ಷಿಕ ಸಂಬಳವನ್ನು 100 ಎಂದಿಟ್ಟುಕೊಂಡು ಶೇ 20ಕ್ಕೆ ಒಪ್ಪಂದವಾಗಿದ್ದರೆ ಏಜೆನ್ಸಿಗೆ 20. ಅದೂ ಒಂದು ಷರತ್ತಿನ ಮೇಲೆ. ಒಪ್ಪಂದದಲ್ಲಿ 90 ದಿನಗಳ ಖಾತರಿ ಇದ್ದು, ಸೇರಿದ ವ್ಯಕ್ತಿ 60ನೇ ದಿನ ಬಿಟ್ಟುಹೋದರೆ ಇನ್ನೊಬ್ಬರನ್ನು ಶುಲ್ಕವಿಲ್ಲದೆ ಹುಡುಕಿಕೊಡಬೇಕು, ಅಥವಾ ಹಣ ಹಿಂದಿರುಗಿಸಬೇಕು. ಒಂದೇ ಹುದ್ದೆಗೆ ಹಲವು ಏಜೆನ್ಸಿಗಳು ಓಡುತ್ತಿರುತ್ತವೆ. ಹಾಗಾಗಿ ಇಲ್ಲಿ ವೇಗಕ್ಕೆ ಬೆಲೆ. ಬಿಸಿನೆಸ್ ಡೆವಲಪ್‌ಮೆಂಟ್‌ನಲ್ಲಿ ಇರುವವರಿಂದ ಹೆಚ್ಚು ಗ್ರಾಹಕರನ್ನು, ಹೆಚ್ಚು ಹುದ್ದೆಗಳನ್ನು ನಿರೀಕ್ಷಿಸುತ್ತಾರೆ. ಕಲಿಕೆ ಚುರುಕಾಗಿರುತ್ತದೆ, ಆದರೆ ಆಳ ಕಡಿಮೆ.

ತಾತ್ಕಾಲಿಕ ಸಿಬ್ಬಂದಿ ಒದಗಿಸುವ ಏಜೆನ್ಸಿಯ ಲೆಕ್ಕ ಬೇರೆ. ಸಿಬ್ಬಂದಿ ದುಡಿಯುವುದು ಗ್ರಾಹಕ ಕಂಪನಿಯಲ್ಲಿ, ಆದರೆ ಸಾಮಾನ್ಯವಾಗಿ ಅವರ ಮಾಲೀಕ ಏಜೆನ್ಸಿಯೇ. ಸಂಬಳ ಕೊಡುವುದು, ರಜೆಯ ಲೆಕ್ಕ ಇಡುವುದು, ಕಾನೂನು ಕೇಳುವ ಕಡಿತ ಮತ್ತು ಪಾವತಿಗಳನ್ನು ಮಾಡುವುದು, ದೂರು ಬಂದರೆ ಉತ್ತರಿಸುವುದು ಎಲ್ಲ ಅದರ ಪಾಲಿಗೆ ಬರುತ್ತದೆ. ನೌಕರನಿಗೆ ಕೊಡುವ ದರ, ಗ್ರಾಹಕನಿಂದ ಪಡೆಯುವ ದರ, ಈ ಎರಡರ ನಡುವಿನ ಅಂತರದಲ್ಲಿ ಖರ್ಚೆಲ್ಲ ಕಳೆದು ಉಳಿದದ್ದು ಲಾಭ. ಇಂಥಲ್ಲಿ ಒಂದು ದರಪಟ್ಟಿ ತಯಾರಿಸಬೇಕಾದರೂ ಮೂಲ ಸಂಬಳ, ಭತ್ಯೆ, ಮಾಲೀಕರ ಪಾಲಿನ ಕಡ್ಡಾಯ ಪಾವತಿ, ರಜಾ ಸಂಬಳ ಇವೆಲ್ಲ ಏನೆಂದು ತಿಳಿದಿರಬೇಕು. ಎಚ್ಆರ್ ಕಾರ್ಯಾಚರಣೆ ಕಲಿಯಬೇಕೆಂಬ ಆಸೆ ಇರುವವರಿಗೆ, ಬಿಸಿನೆಸ್ ಡೆವಲಪ್‌ಮೆಂಟ್ ಮಾಡಲೇಬೇಕಾಗಿ ಬಂದರೆ, ಕಾಯಂ ನೇಮಕಾತಿಯ ಏಜೆನ್ಸಿಗಿಂತ ಇದನ್ನೇ ನಾನು ಶಿಫಾರಸು ಮಾಡುತ್ತೇನೆ. ಕಂಪನಿಯ ಇಡೀ ನೇಮಕಾತಿ ಪ್ರಕ್ರಿಯೆಯನ್ನೇ ಗುತ್ತಿಗೆಗೆ ಪಡೆದು ನಡೆಸುವ ಆರ್‌ಪಿಒ ಸಂಸ್ಥೆಗಳೂ ಇವೆ. ಅಲ್ಲಿ ನಿಮ್ಮ ತಂಡ ಗ್ರಾಹಕನ ಎಚ್ಆರ್ ವಿಭಾಗದ ಒಂದು ಭಾಗದಂತೆಯೇ ಕೆಲಸ ಮಾಡುತ್ತದೆ. ಅವಕಾಶ ಸಿಕ್ಕರೆ ಅದು ಇನ್ನೂ ಒಳ್ಳೆಯದು.

ಉನ್ನತ ಹುದ್ದೆಗಳಿಗೆ ಜನರನ್ನು ಹುಡುಕುವ ಎಕ್ಸಿಕ್ಯುಟಿವ್ ಸರ್ಚ್ ಸಂಸ್ಥೆಗಳಲ್ಲಿ ಶುಲ್ಕವನ್ನು ಮುಂಗಡ ಸೇರಿದಂತೆ ಕಂತುಗಳಲ್ಲಿ ಪಡೆಯುವ ಪದ್ಧತಿ ಇದೆ. ಮೊದಲ ವರ್ಷದ ಸಂಬಳದ ಮೂರನೇ ಒಂದು ಭಾಗ, ಮೂರು ಕಂತು ಎಂಬುದು ಆ ಕ್ಷೇತ್ರದ ಹಳೆಯ ವಾಡಿಕೆ. ಅಲ್ಲಿ ಗ್ರಾಹಕರನ್ನು ತರುವವರು ಹಿರಿಯ ಪಾಲುದಾರರೇ. ಹೊಸಬರಿಗೆ ಸಿಗುವುದು ಸಂಶೋಧಕರ ಕೆಲಸ. ಯಾವ ಕಂಪನಿಯಲ್ಲಿ ಯಾರು ಯಾವ ಹೊಣೆಯಲ್ಲಿದ್ದಾರೆ, ಅವರ ತಂಡ ಎಷ್ಟು ದೊಡ್ಡದು, ಮುಂದೆ ಎಲ್ಲಿಗೆ ಹೋಗಬಹುದು ಎಂಬ ನಕ್ಷೆ ತಯಾರಿಸುವುದು. ನಾಚಿಕೆ ಸ್ವಭಾವದ, ಬರವಣಿಗೆ ಚೆನ್ನಾಗಿರುವ ಹುಡುಗ ಹುಡುಗಿಯರಿಗೆ ಇದು ಬಹಳ ಒಪ್ಪುವ ಕೆಲಸ. ಆದರೆ ಹೆಚ್ಚಿನವರಿಗೆ ಇಂಥದ್ದೊಂದು ಹುದ್ದೆ ಇದೆಯೆಂದೇ ಗೊತ್ತಿರುವುದಿಲ್ಲ.

ಇಲ್ಲೊಂದು ಎಚ್ಚರಿಕೆ. ಈ ಎಲ್ಲ ಮಾದರಿಗಳಲ್ಲೂ ಹಣ ಕೊಡುವುದು ಗ್ರಾಹಕ ಕಂಪನಿ, ಕೆಲಸ ಹುಡುಕುವವನಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1997ರಲ್ಲಿ ಅಂಗೀಕರಿಸಿದ 181ನೇ ಒಡಂಬಡಿಕೆಯ 7ನೇ ವಿಧಿ ಖಾಸಗಿ ಉದ್ಯೋಗ ಏಜೆನ್ಸಿಗಳು ಕಾರ್ಮಿಕರಿಂದ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಶುಲ್ಕ ಪಡೆಯಬಾರದೆಂದು ಹೇಳುತ್ತದೆ. ಸೀಮಿತ ವಿನಾಯಿತಿಗಳಿಗೆ ಅದರಲ್ಲಿ ಅವಕಾಶವಿದೆ, ಎಲ್ಲ ದೇಶಗಳೂ ಅದನ್ನು ಅನುಮೋದಿಸಿಲ್ಲ ಎಂಬುದೂ ನಿಜ. ಆದರೂ ಅಭ್ಯರ್ಥಿಗಳಿಂದ ನೋಂದಣಿ ಶುಲ್ಕ, ತರಬೇತಿ ಶುಲ್ಕ ಎಂದು ವಸೂಲಿ ಮಾಡುವ ಏಜೆನ್ಸಿಯಲ್ಲಿ ವೃತ್ತಿ ಆರಂಭಿಸಬೇಡಿ. ಕೆಲಸವಿಲ್ಲದವರ ಕಷ್ಟದಿಂದ ಹಣ ಮಾಡುವ ಜಾಗದಲ್ಲಿ ಎಚ್ಆರ್‌ನ ಯಾವ ಒಳ್ಳೆಯ ಗುಣವನ್ನೂ ಕಲಿಯಲು ಸಾಧ್ಯವಿಲ್ಲ.

ಒಂದು ಫೋನ್ ಕರೆಯಲ್ಲಿ ಏನಿದೆ

ಬಿಸಿನೆಸ್ ಡೆವಲಪ್‌ಮೆಂಟ್‌ನಿಂದ ಎಚ್ಆರ್ ಕಲಿಯಬಹುದು ಎಂದೆನಲ್ಲ, ಅದು ಹೇಗೆಂದು ಹತ್ತಿರದಿಂದ ನೋಡೋಣ. ಒಂದು ಕಂಪನಿಯ ಎಚ್ಆರ್ ಮ್ಯಾನೇಜರ್ ಕರೆ ಮಾಡಿ, ‘ದಾಸ್ತಾನು ವಿಭಾಗಕ್ಕೆ ಒಬ್ಬ ಮ್ಯಾನೇಜರ್ ಬೇಕು, ಎಂಟು ವರ್ಷದ ಅನುಭವ ಇರಬೇಕು, ತುರ್ತು’ ಎನ್ನುತ್ತಾರೆ. ಬರೀ ಮಾರಾಟದ ಮನಸ್ಸಿನವರು ‘ನಾಳೆಯೇ ಐದು ಪ್ರೊಫೈಲ್ ಕಳಿಸುತ್ತೇವೆ’ ಎಂದು ಫೋನ್ ಇಡುತ್ತಾರೆ. ಕೆಲಸ ಬಲ್ಲವರು ಕೇಳತೊಡಗುತ್ತಾರೆ.

ಇದು ಹೊಸ ಹುದ್ದೆಯೇ, ಯಾರೋ ಬಿಟ್ಟುಹೋದ ಜಾಗವೇ? ಬಿಟ್ಟುಹೋಗಿದ್ದರೆ ಏಕೆ ಹೋದರು? ಎಷ್ಟು ದಿನದಿಂದ ಖಾಲಿ ಇದೆ? ಒಳಗಿನವರಿಗೆ ಬಡ್ತಿ ಕೊಡುವ ಯೋಚನೆ ಇತ್ತೇ? ಸಂಬಳದ ಮಿತಿಗೆ ಮೇಲಿನವರ ಒಪ್ಪಿಗೆ ಸಿಕ್ಕಿದೆಯೇ? ಎಷ್ಟು ಸುತ್ತಿನ ಸಂದರ್ಶನ, ಕೊನೆಯ ಮಾತು ಯಾರದು? ಎಂಟು ವರ್ಷ ಎಂದು ಏಕೆ ಕೇಳುತ್ತಿದ್ದೀರಿ, ಐದು ವರ್ಷದಲ್ಲೇ ಆ ಕೆಲಸ ಕಲಿತವರು ಬಂದರೆ ನೋಡುತ್ತೀರಾ? ಸೇರಿದವರು ಮೊದಲ ಆರು ತಿಂಗಳಲ್ಲಿ ಏನು ಮಾಡಿ ತೋರಿಸಬೇಕು?

ಈ ಪ್ರಶ್ನೆಗಳ ಉತ್ತರಗಳಲ್ಲಿ ಎಚ್ಆರ್‌ನ ಅರ್ಧ ಪಠ್ಯ ಅಡಗಿದೆ. ಹೊಸ ಹುದ್ದೆಯೋ ಹಳೆಯದೋ ಎಂಬುದರಲ್ಲಿ ಸಿಬ್ಬಂದಿ ಯೋಜನೆ, ಏಕೆ ಹೋದರು ಎಂಬುದರಲ್ಲಿ ನೌಕರರು ಬಿಟ್ಟುಹೋಗುವ ಕಾರಣ, ಬಡ್ತಿಯ ಪ್ರಶ್ನೆಯಲ್ಲಿ ಉತ್ತರಾಧಿಕಾರಿಗಳನ್ನು ಬೆಳೆಸುವ ವಿಚಾರ, ಸಂಬಳದ ಮಿತಿಯಲ್ಲಿ ವೇತನ ಶ್ರೇಣಿ, ಆರು ತಿಂಗಳ ನಿರೀಕ್ಷೆಯಲ್ಲಿ ಕಾರ್ಯಕ್ಷಮತೆಯ ಮಾಪನ. ಕಂಪನಿಯೊಂದರ ಒಳಗೆ ಎಚ್ಆರ್ ಸಹಾಯಕನಾಗಿ ಸೇರಿದವನು ಇವನ್ನೆಲ್ಲ ಒಂದೇ ಸಂಸ್ಥೆಯಲ್ಲಿ, ಅದೂ ತನ್ನ ಮೇಜಿಗೆ ಬಂದಷ್ಟನ್ನು ಮಾತ್ರ ನೋಡುತ್ತಾನೆ. ನೀವು ಹತ್ತಾರು ಕಂಪನಿಗಳ ಎಚ್ಆರ್ ಮುಖ್ಯಸ್ಥರ ಜೊತೆ ಮಾತನಾಡುತ್ತೀರಿ. ಒಂದೇ ಹುದ್ದೆಗೆ ಒಂದು ಕಂಪನಿಯಲ್ಲಿ ಎರಡು ಸುತ್ತು, ಇನ್ನೊಂದರಲ್ಲಿ ಆರು ಸುತ್ತು. ಆರು ಸುತ್ತಿನ ಕಂಪನಿ ನಿರ್ಧಾರಕ್ಕೆ ಬರುವಷ್ಟರಲ್ಲಿ ಒಳ್ಳೆಯ ಅಭ್ಯರ್ಥಿ ಬೇರೆಡೆ ಸೇರಿಬಿಟ್ಟಿರುತ್ತಾನೆ. ಇಂಥದ್ದನ್ನು ಕಣ್ಣಾರೆ ಕಂಡವರಿಗೆ, ಮುಂದೆ ತಾವೇ ಒಂದು ನೇಮಕಾತಿ ಪ್ರಕ್ರಿಯೆ ರೂಪಿಸುವಾಗ ಯಾರೂ ಪಾಠ ಹೇಳಬೇಕಾಗುವುದಿಲ್ಲ.

ಆದರೆ ಈ ಕರೆಯನ್ನು ಸ್ವೀಕರಿಸುವವರು ನೀವೇ ಆಗಿರಬೇಕು. ಅನೇಕ ಸಂಸ್ಥೆಗಳಲ್ಲಿ ಇದು ಒಪ್ಪಂದವಾದ ಗ್ರಾಹಕರನ್ನು ನೋಡಿಕೊಳ್ಳುವ ಅಕೌಂಟ್ ಮ್ಯಾನೇಜರ್ ಪಾಲಾಗಿರುತ್ತದೆ, ನಿಮ್ಮದು ಮೊದಲ ಭೇಟಿ ಗೊತ್ತುಮಾಡುವ ಕೆಲಸ ಮಾತ್ರ. ಹುದ್ದೆ ಒಪ್ಪುವ ಮುನ್ನ ತಿಳಿಯಬೇಕಾದ ಅತಿ ಮುಖ್ಯ ಸಂಗತಿ ಇದು.

ಉಳಿದ ದಾರಿಗಳ ಪಕ್ಕದಲ್ಲಿಟ್ಟು ನೋಡಿದರೆ

ಹೊಸಬರ ಮುಂದೆ ಸಾಮಾನ್ಯವಾಗಿ ಇನ್ನೆರಡು ಬಾಗಿಲುಗಳಿರುತ್ತವೆ: ಏಜೆನ್ಸಿಯಲ್ಲೇ ರಿಕ್ರೂಟರ್ ಹುದ್ದೆ, ಮತ್ತು ಕಂಪನಿಯೊಳಗಿನ ಎಚ್ಆರ್ ವಿಭಾಗದ ಆರಂಭಿಕ ಹುದ್ದೆ.

ರಿಕ್ರೂಟರ್ ಅಭ್ಯರ್ಥಿಗಳ ಕಡೆ ಇರುವವರು. ಹುದ್ದೆಯ ವಿವರ ಓದಿ, ತಕ್ಕವರನ್ನು ಹುಡುಕಿ, ಮಾತನಾಡಿ, ಸಂದರ್ಶನಕ್ಕೆ ಕಳಿಸಿ, ಆಫರ್ ಸಿಕ್ಕ ಮೇಲೆ ಅವರು ನೋಟಿಸ್ ಅವಧಿ ಮುಗಿಸಿ ಸೇರುವವರೆಗೂ ಕೈಬಿಡದೆ ಹಿಂಬಾಲಿಸುತ್ತಾರೆ. ಮನುಷ್ಯರು ಕೆಲಸವನ್ನು ಏಕೆ ಬದಲಿಸುತ್ತಾರೆ, ಒಪ್ಪಿಕೊಂಡ ಆಫರ್ ಅನ್ನು ಕೊನೆಯ ವಾರದಲ್ಲಿ ಏಕೆ ಬಿಡುತ್ತಾರೆ, ಸಂಬಳಕ್ಕಿಂತ ಹೆಚ್ಚಾಗಿ ಏನನ್ನು ನೋಡುತ್ತಾರೆ ಎಂಬುದನ್ನು ಇವರಷ್ಟು ಚೆನ್ನಾಗಿ ಬಲ್ಲವರು ಕಡಿಮೆ. ಬಿಸಿನೆಸ್ ಡೆವಲಪ್‌ಮೆಂಟ್‌ನವರಿಗೆ ಕಂಪನಿಯ ಮನಸ್ಸು ಗೊತ್ತು, ರಿಕ್ರೂಟರಿಗೆ ನೌಕರರ ಮನಸ್ಸು ಗೊತ್ತು. ಮುಂದೆ ಕಂಪನಿಯೊಳಗಿನ ಎಚ್ಆರ್‌ಗೆ ದಾಟಲು ರಿಕ್ರೂಟರ್ ಅನುಭವ ಹೆಚ್ಚು ಸುಲಭ. ಏಕೆಂದರೆ ಕಂಪನಿಗಳಿಗೂ ಅದೇ ಕೆಲಸ ಮಾಡುವವರು ಬೇಕಾಗಿರುತ್ತಾರೆ.

ಎರಡನ್ನೂ ಒಬ್ಬರೇ ಮಾಡುವ ವ್ಯವಸ್ಥೆಯೂ ಇದೆ. ಗ್ರಾಹಕನನ್ನು ತಂದವರೇ ಆ ಹುದ್ದೆಗೆ ಅಭ್ಯರ್ಥಿಯನ್ನೂ ಹುಡುಕುತ್ತಾರೆ. ಈ ರಂಗದಲ್ಲಿ ಅದನ್ನು 360 ಡಿಗ್ರಿ ನೇಮಕಾತಿ ಎನ್ನುತ್ತಾರೆ. ಚಿಕ್ಕ ಏಜೆನ್ಸಿಗಳಲ್ಲಿ ಇದು ಹೆಚ್ಚು. ದೊಡ್ಡ ಹೆಸರಿನ ಸಂಸ್ಥೆಯಲ್ಲಿ ಬರೀ ಬಿಸಿನೆಸ್ ಡೆವಲಪ್‌ಮೆಂಟ್, ಸಣ್ಣ ಏಜೆನ್ಸಿಯಲ್ಲಿ 360 ಡಿಗ್ರಿ ಹುದ್ದೆ, ಸಂಬಳವೂ ಹೆಚ್ಚುಕಡಿಮೆ ಒಂದೇ ಎಂಬ ಆಯ್ಕೆ ಯಾರಾದರೂ ನನ್ನ ಮುಂದಿಟ್ಟರೆ, ಎಚ್ಆರ್ ವೃತ್ತಿಯೇ ಗುರಿ ಎಂದಾದಲ್ಲಿ, ಹಿಂದೆಮುಂದೆ ನೋಡದೆ ಸಣ್ಣ ಏಜೆನ್ಸಿಯ ಕಡೆ ಕೈ ತೋರಿಸುತ್ತೇನೆ. ಅಲ್ಲಿ ಕೆಲಸ ಹೆಚ್ಚು, ವ್ಯವಸ್ಥೆ ಕಡಿಮೆ, ತರಬೇತಿ ಕೊಡುವವರು ಇಲ್ಲದೆಯೂ ಇರಬಹುದು. ಆದರೂ ಒಂದು ಹುದ್ದೆಯ ಹುಟ್ಟಿನಿಂದ ಅಭ್ಯರ್ಥಿಯ ಸೇರ್ಪಡೆಯವರೆಗಿನ ಇಡೀ ದಾರಿಯನ್ನು ಕಾಣುತ್ತೀರಿ.

ಕಂಪನಿಯೊಳಗಿನ ಆರಂಭಿಕ ಹುದ್ದೆಯ ಕಥೆ ಬೇರೆ. ಹಾಜರಾತಿ, ರಜೆ, ಪೇರೋಲ್‌ಗೆ ಮಾಹಿತಿ ಒದಗಿಸುವುದು, ಹೊಸಬರ ದಾಖಲೆ, ಗುರುತಿನ ಚೀಟಿ, ಪ್ರೊಬೆಷನ್ ಪತ್ರ, ಬಿಟ್ಟುಹೋಗುವವರ ಅಂತಿಮ ಲೆಕ್ಕ. ಹೊರಗಿನಿಂದ ನೋಡಿದರೆ ನೀರಸ ಎನಿಸುತ್ತದೆ. ಆದರೆ ಏಜೆನ್ಸಿಯ ಬಿಸಿನೆಸ್ ಡೆವಲಪ್‌ಮೆಂಟ್‌ನಲ್ಲಿ ಎಷ್ಟು ವರ್ಷ ಕಳೆದರೂ ಸಿಗದ ಕೆಲವು ಸಂಗತಿಗಳು ಇಲ್ಲೇ ಸಿಗುವುದು. ಸಂಬಳ ತಡವಾದಾಗ ನೌಕರನೊಬ್ಬ ಎದುರು ಬಂದು ನಿಂತರೆ ಏನು ಹೇಳಬೇಕು, ಶಿಸ್ತುಕ್ರಮದ ನೋಟಿಸ್ ಹೇಗೆ ಬರೆಯಬೇಕು, ದೂರು ಕೊಟ್ಟವರ ಹೆಸರನ್ನು ಹೇಗೆ ಕಾಪಾಡಬೇಕು, ಕಾರ್ಮಿಕ ಕಾನೂನು ಕಾಗದದ ಮೇಲಿನಿಂದ ಮನುಷ್ಯರ ಬದುಕಿಗೆ ಹೇಗೆ ಇಳಿಯುತ್ತದೆ ಎಂಬುದೆಲ್ಲ. ನೌಕರರ ಸಂಬಂಧ, ಕುಂದುಕೊರತೆ, ಕಾರ್ಮಿಕ ಸಂಘಗಳ ಜೊತೆ ಮಾತುಕತೆ ಇವೇ ನಿಮ್ಮ ಮನಸ್ಸಿಗೆ ಹತ್ತಿರ ಎಂದಾದರೆ, ಸಂಬಳ ಕಡಿಮೆಯಾದರೂ, ಹುದ್ದೆಯ ಹೆಸರು ಬರೀ ‘ಸಹಾಯಕ’ ಎಂದಿದ್ದರೂ ಇದನ್ನೇ ಹಿಡಿಯಿರಿ. ಇದಕ್ಕೆ ಬಿಸಿನೆಸ್ ಡೆವಲಪ್‌ಮೆಂಟ್ ಅಡ್ಡದಾರಿಯಾಗಲಾರದು.

ತಂತ್ರಾಂಶ ಮಾರುವ ಸಂಸ್ಥೆಗಳ ಬಗ್ಗೆ ಚಿಕ್ಕ ಮಾತು. ಪೇರೋಲ್ ಅಥವಾ ಎಚ್ಆರ್ ತಂತ್ರಾಂಶ ಕಂಪನಿಯಿಂದ ಆಫರ್ ಬಂದರೆ, ಮಾರಾಟದ ಬದಲು ಗ್ರಾಹಕರಲ್ಲಿ ಆ ತಂತ್ರಾಂಶವನ್ನು ಅಳವಡಿಸಿಕೊಡುವ ತಂಡದಲ್ಲಿ ಜಾಗ ಇದೆಯೇ ಎಂದು ವಿಚಾರಿಸಿ. ಪ್ರತಿ ಗ್ರಾಹಕನ ರಜೆ ನಿಯಮ, ವೇತನ ರಚನೆ, ಅನುಮೋದನೆಯ ಸರಣಿ ಎಲ್ಲವನ್ನೂ ಬಿಡಿಸಿ ನೋಡದೆ ಅಳವಡಿಕೆ ಆಗುವುದಿಲ್ಲ. ಎಚ್ಆರ್ ದತ್ತಾಂಶ ಮತ್ತು ವ್ಯವಸ್ಥೆಗಳ ಕಡೆ ಹೋಗಲು ಅದಕ್ಕಿಂತ ನೇರವಾದ ದಾರಿ ಕಡಿಮೆ.

ಸ್ವಭಾವ ಮತ್ತು ಸಂಬಳ

ಬಿಸಿನೆಸ್ ಡೆವಲಪ್‌ಮೆಂಟ್‌ನಲ್ಲಿ ದಿನದ ಬಹುಪಾಲು ‘ಬೇಡ’ ಎಂಬ ಉತ್ತರ ಕೇಳುವುದರಲ್ಲಿ ಹೋಗುತ್ತದೆ. ಕೆಲವರು ಫೋನ್ ಇಟ್ಟುಬಿಡುತ್ತಾರೆ, ಹಲವರು ಉತ್ತರಿಸುವುದೇ ಇಲ್ಲ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳದೆ ಮುಂದಿನ ಕರೆಗೆ ಅದೇ ಸೌಜನ್ಯದಿಂದ ಕೂರುವವರು ಮಾತ್ರ ಇಲ್ಲಿ ಉಳಿಯುತ್ತಾರೆ. ಇದು ಕಲಿಯಬಹುದಾದ ಗುಣವೇ. ಮಾತುಗಾರರೇ ಆಗಬೇಕೆಂದಿಲ್ಲ, ಚೆನ್ನಾಗಿ ಕೇಳಿಸಿಕೊಳ್ಳುವವರು ಮಾತುಗಾರರಿಗಿಂತ ಹೆಚ್ಚು ಒಪ್ಪಂದ ತರುವುದನ್ನು ಈ ಕೆಲಸದಲ್ಲಿರುವವರೆಲ್ಲ ಕಂಡಿದ್ದಾರೆ. ಆದರೆ ತಿಂಗಳ ಕೊನೆಯ ಟಾರ್ಗೆಟ್ ನೆನೆದರೆ ನಿದ್ದೆ ಹಾರಿಹೋಗುವ ಸ್ವಭಾವದವರು ತಮ್ಮನ್ನು ಬಲವಂತವಾಗಿ ಇದಕ್ಕೆ ನೂಕಿಕೊಳ್ಳಬೇಕಾಗಿಲ್ಲ. ಎಚ್ಆರ್‌ಗೆ ಬೇರೆ ಬಾಗಿಲುಗಳಿವೆ.

ಇನ್ಸೆಂಟಿವ್‌ನ ಮಾತು ಕೇಳಲು ಚೆಂದ. ‘ಸಂಬಳದ ಎರಡರಷ್ಟು ಗಳಿಸಬಹುದು’ ಎಂದು ಸಂದರ್ಶನದಲ್ಲಿ ಹೇಳುತ್ತಾರೆ. ಎರಡು ವಿವರಗಳನ್ನು ಬರಹದಲ್ಲಿ ಪಡೆಯಿರಿ. ಇನ್ಸೆಂಟಿವ್ ಕೊಡುವುದು ಬಿಲ್ ಕಳಿಸಿದಾಗಲೋ, ಗ್ರಾಹಕ ಹಣ ಪಾವತಿಸಿದಾಗಲೋ? ಪಾವತಿಗೆ ತಿಂಗಳುಗಟ್ಟಲೆ ಹಿಡಿಯುವ ಗ್ರಾಹಕರಿದ್ದಾರೆ. ಅಭ್ಯರ್ಥಿ ಖಾತರಿ ಅವಧಿಯಲ್ಲಿ ಬಿಟ್ಟುಹೋದರೆ ಕೊಟ್ಟ ಇನ್ಸೆಂಟಿವ್ ಅನ್ನು ಹಿಂದಕ್ಕೆ ಪಡೆಯುತ್ತಾರೆಯೇ? ಈ ಎರಡಕ್ಕೆ ಉತ್ತರ ಸಿಗುವವರೆಗೆ ನಿಗದಿತ ಸಂಬಳವನ್ನೇ ನಿಮ್ಮ ಸಂಬಳವೆಂದು ಲೆಕ್ಕ ಹಾಕಿ, ಅಷ್ಟರಲ್ಲಿ ಬದುಕು ಸಾಗುತ್ತದೆಯೇ ನೋಡಿ.

ಸಂದರ್ಶನದಲ್ಲಿ ನೀವೂ ಕೇಳಬೇಕು

ಹುದ್ದೆಯ ಜಾಹೀರಾತನ್ನೇ ಮೊದಲು ಗಮನವಿಟ್ಟು ಓದಿ. ಜವಾಬ್ದಾರಿಗಳ ಪಟ್ಟಿಯಲ್ಲಿ ಲೀಡ್ (ಗ್ರಾಹಕರಾಗಬಹುದಾದವರ ಪಟ್ಟಿ), ಕೋಲ್ಡ್ ಕಾಲ್ (ಪರಿಚಯವಿಲ್ಲದವರಿಗೆ ಕರೆ), ಮೀಟಿಂಗ್, ಆದಾಯ ಇಷ್ಟೇ ಇದ್ದರೆ ಉತ್ತರ ಅಲ್ಲೇ ಇದೆ. ‘ಗ್ರಾಹಕರ ಅಗತ್ಯ ಅರಿಯುವುದು’, ‘ನೇಮಕಾತಿ ತಂಡದೊಂದಿಗೆ ಸಮನ್ವಯ’, ‘ಅಭ್ಯರ್ಥಿ ಸೇರುವವರೆಗೆ ಹೊಣೆ’ ಎಂಬ ಸಾಲುಗಳಿದ್ದರೆ ಮುಂದುವರಿಯಬಹುದು.

ಎದುರು ಕುಳಿತಾಗ ಕೇಳಬೇಕಾದದ್ದನ್ನು ಸಂಕೋಚವಿಲ್ಲದೆ ಕೇಳಿ. ಒಪ್ಪಂದವಾದ ಮೇಲೆ ಹುದ್ದೆಯ ವಿವರ ಪಡೆಯುವವರು ಯಾರು? ನಾನು ಅಭ್ಯರ್ಥಿಗಳ ಜೊತೆ ಮಾತನಾಡುವ ಸಂದರ್ಭ ಬರುತ್ತದೆಯೇ? ಗ್ರಾಹಕರ ಜೊತೆಗಿನ ವಾರದ ಪರಿಶೀಲನಾ ಸಭೆಯಲ್ಲಿ ನಾನಿರುತ್ತೇನೆಯೇ? ನನ್ನ ಸಾಧನೆಯನ್ನು ಅಳೆಯುವುದು ಕರೆಗಳ ಸಂಖ್ಯೆಯಿಂದಲೋ, ಭರ್ತಿಯಾದ ಹುದ್ದೆಗಳಿಂದಲೋ? ಈ ಹುದ್ದೆಯಲ್ಲಿ ನನಗಿಂತ ಮುಂಚೆ ಇದ್ದವರು ಈಗ ಎಲ್ಲಿದ್ದಾರೆ? ಕೊನೆಯ ಪ್ರಶ್ನೆಗೆ ಎದುರಿನವರು ತಡವರಿಸಿದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಒಂದು ಹುದ್ದೆ ಎಲ್ಲಿಗೆ ಕರೆದೊಯ್ಯುತ್ತದೆ ಎಂಬುದಕ್ಕೆ ಅದರಲ್ಲಿದ್ದವರಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಆ ಸಂಸ್ಥೆಯ ಹಳೆಯ ಉದ್ಯೋಗಿಗಳನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ, ಅವರ ಮುಂದಿನ ಹುದ್ದೆ ಏನೆಂದು ನೋಡಿದರೆ ಅರ್ಧ ಗಂಟೆಯಲ್ಲಿ ಚಿತ್ರ ಸ್ಪಷ್ಟವಾಗುತ್ತದೆ.

ಸೇರಿದ ಮೇಲೆ ಎಚ್ಆರ್ ದಾರಿ ತಪ್ಪದಿರಲು

ಒಪ್ಪಿಕೊಂಡಿರಿ ಎನ್ನೋಣ. ಆಗ ಮೊದಲ ದಿನದಿಂದಲೇ ಎರಡು ಲೆಕ್ಕ ಇಡಿ. ಒಂದು ಸಂಸ್ಥೆ ಕೇಳುವ ಲೆಕ್ಕ: ಕರೆ, ಭೇಟಿ, ಒಪ್ಪಂದ, ಬಿಲ್. ಇನ್ನೊಂದು ನಿಮಗಾಗಿ: ಯಾವ ಹುದ್ದೆ ಎಷ್ಟು ದಿನದಲ್ಲಿ ಭರ್ತಿಯಾಯಿತು, ಎಷ್ಟು ಪ್ರೊಫೈಲ್ ಕಳಿಸಿದರೆ ಎಷ್ಟು ಜನ ಸಂದರ್ಶನಕ್ಕೆ ಹೋದರು, ಎಷ್ಟು ಆಫರ್‌ಗಳಲ್ಲಿ ಎಷ್ಟು ಜನ ನಿಜಕ್ಕೂ ಸೇರಿದರು, ಸೇರದವರು ಕೊಟ್ಟ ಕಾರಣ ಏನು. ಕಂಪನಿಗಳ ನೇಮಕಾತಿ ವಿಭಾಗಗಳು ತಮ್ಮನ್ನು ಅಳೆದುಕೊಳ್ಳುವುದು ಇದೇ ಅಳತೆಗಳಿಂದ. ಮುಂದಿನ ಸಂದರ್ಶನದಲ್ಲಿ ನಿಮ್ಮ ಮಾತಿಗೆ ಬಲ ಬರುವುದು ಎರಡನೆಯ ಲೆಕ್ಕದಿಂದ. ಗ್ರಾಹಕರ ಹೆಸರು, ಅಭ್ಯರ್ಥಿಗಳ ವಿವರ ಮಾತ್ರ ನಿಮ್ಮ ಸ್ವಂತ ಟಿಪ್ಪಣಿಯಲ್ಲಿ ಇರಕೂಡದು. ಗೋಪ್ಯತೆ ಈ ವೃತ್ತಿಯ ಮೊದಲ ನಿಯಮ, ಅದನ್ನು ಮುರಿದವರನ್ನು ಯಾವ ಎಚ್ಆರ್ ವಿಭಾಗವೂ ನಂಬುವುದಿಲ್ಲ.

ರಿಕ್ರೂಟರ್‌ಗಳ ಜೊತೆ ಕೂತು ಅವರು ಅಭ್ಯರ್ಥಿಗಳೊಡನೆ ಮಾತನಾಡುವುದನ್ನು ಕೇಳಿಸಿಕೊಳ್ಳಿ. ಕೆಲಸ ಕಡಿಮೆಯಿರುವ ದಿನ ಒಂದೆರಡು ಹುದ್ದೆಗಳಿಗೆ ನೀವೇ ಅಭ್ಯರ್ಥಿಗಳನ್ನು ಹುಡುಕುತ್ತೇನೆಂದು ಮುಂದೆ ಬನ್ನಿ, ಬೇಡ ಎನ್ನುವ ಮ್ಯಾನೇಜರ್ ಕಡಿಮೆ.

ಪ್ರಮಾಣಪತ್ರ ಪರೀಕ್ಷೆಗಳ ವಿಷಯದಲ್ಲೂ ಹುದ್ದೆಯ ಸ್ವರೂಪ ಮುಖ್ಯವಾಗುತ್ತದೆ. ಎಚ್ಆರ್‌ಸಿಐ ಎಂಬ ಅಮೆರಿಕದ ಪ್ರಮಾಣೀಕರಣ ಸಂಸ್ಥೆ ನಡೆಸುವ ಎಪಿಎಚ್ಆರ್ ಪರೀಕ್ಷೆಗೆ ಎಚ್ಆರ್ ಅನುಭವ ಬೇಕಿಲ್ಲ, ಅದು ಹೊಸಬರಿಗೆಂದೇ ಇರುವುದು. ಸಿಐಪಿಡಿಯಲ್ಲೂ 3ನೇ ಹಂತದ ಪ್ರಮಾಣಪತ್ರ ಆರಂಭದಲ್ಲಿರುವವರಿಗಾಗಿಯೇ ಇದೆ. ಆದರೆ ಅದೇ ಎಚ್ಆರ್‌ಸಿಐಯ ಪಿಎಚ್ಆರ್‌ಗೆ ವೃತ್ತಿಮಟ್ಟದ ಎಚ್ಆರ್ ಅನುಭವ ಬೇಕು: ಸ್ನಾತಕೋತ್ತರ ಪದವೀಧರರಿಗೆ 1 ವರ್ಷ, ಪದವೀಧರರಿಗೆ 2, ಪದವಿ ಇಲ್ಲದವರಿಗೆ 4. ಬರೀ ಗ್ರಾಹಕರನ್ನು ಹುಡುಕಿದ ವರ್ಷಗಳನ್ನು ಅದರಲ್ಲಿ ತೋರಿಸುವುದು ಕಷ್ಟ. ನೇಮಕಾತಿಯಲ್ಲಿ ಕೈಜೋಡಿಸಿದ ವರ್ಷಗಳ ವಿಷಯ ಹಾಗಲ್ಲ.

ಎಷ್ಟು ಕಾಲ ಇರಬೇಕು? ನನ್ನ ದೃಷ್ಟಿಯಲ್ಲಿ ಒಂದೂವರೆಯಿಂದ ಎರಡು ವರ್ಷ. ಒಂದು ವರ್ಷದೊಳಗೆ ಬಿಟ್ಟರೆ ಯಾವ ಗ್ರಾಹಕನ ಜೊತೆಗೂ ಪೂರ್ತಿ ಒಂದು ಸುತ್ತು ನೋಡಿದಂತಾಗುವುದಿಲ್ಲ. ಮೂರು ವರ್ಷ ದಾಟಿದರೆ ನಿಮ್ಮ ರೆಸ್ಯೂಮೆ ನೋಡಿದವರು ಮಾರಾಟದವರೆಂದೇ ಗುರುತಿಸತೊಡಗುತ್ತಾರೆ, ಸಂಬಳವೂ ಆ ಹೊತ್ತಿಗೆ ಎಚ್ಆರ್‌ನ ಕಿರಿಯ ಹುದ್ದೆಗಳು ಕೊಡುವುದಕ್ಕಿಂತ ಮೇಲೇರಿ ಹಿಂದಿರುಗುವುದು ಕಠಿಣವಾಗುತ್ತದೆ. ಈ ಕೆಲಸವೇ ಇಷ್ಟವಾಗಿಬಿಟ್ಟರೆ ಆ ಮಾತು ಬೇರೆ. ಸ್ವಂತ ಏಜೆನ್ಸಿ ಕಟ್ಟುವ ಕನಸಿರುವವರಿಗೆ ಗ್ರಾಹಕರನ್ನು ತರುವ ಶಕ್ತಿಗಿಂತ ದೊಡ್ಡ ಬಂಡವಾಳ ಇಲ್ಲ. ಅಂಥವರು ಎರಡು ವರ್ಷದ ಗಡುವನ್ನು ಮರೆತುಬಿಡಬಹುದು.

ದಾಟುವಾಗ ರೆಸ್ಯೂಮೆಯನ್ನು ಹೊಸದಾಗಿ ಬರೆಯಿರಿ. ‘ಹೊಸ ಗ್ರಾಹಕರನ್ನು ತಂದು ಆದಾಯ ಹೆಚ್ಚಿಸಿದೆ’ ಎಂಬ ಸಾಲು ಎಚ್ಆರ್ ಮುಖ್ಯಸ್ಥರಿಗೆ ಏನನ್ನೂ ಹೇಳುವುದಿಲ್ಲ. ‘ಉತ್ಪಾದನಾ ಕಂಪನಿಗಳ ಎಚ್ಆರ್ ಮುಖ್ಯಸ್ಥರಿಂದ ಹುದ್ದೆಯ ಅಗತ್ಯ ಪಡೆದು, ಹುದ್ದೆಯ ವಿವರ ಸಿದ್ಧಪಡಿಸಿ, ಸಂದರ್ಶನದ ಸುತ್ತುಗಳನ್ನು ಸಂಯೋಜಿಸಿ, ಅಭ್ಯರ್ಥಿ ಸೇರಿ ಖಾತರಿ ಅವಧಿ ಮುಗಿಯುವವರೆಗೆ ಹೊಣೆ ಹೊತ್ತೆ’ ಎಂಬ ಸಾಲಿನಲ್ಲಿ ಅವರಿಗೆ ತಮ್ಮ ವಿಭಾಗದ ಕೆಲಸ ಕಾಣುತ್ತದೆ. ಮಾಡದ ಕೆಲಸವನ್ನು ಬರೆಯಬಾರದು ಎಂಬುದನ್ನು ಬೇರೆ ಹೇಳಬೇಕಿಲ್ಲ. ಒಂದೇ ಪ್ರಶ್ನೆಯಲ್ಲಿ ಅದು ಬಯಲಾಗುತ್ತದೆ.

ಕೊನೆಯದಾಗಿ, ಸಹಿ ಹಾಕುವ ಮುನ್ನವೇ ನೇಮಕಾತಿ ಪತ್ರದಲ್ಲಿ ಒಂದು ಷರತ್ತನ್ನು ಹುಡುಕಿ ಓದಿ. ಸಂಸ್ಥೆ ಬಿಟ್ಟ ಮೇಲೆ ಇಷ್ಟು ತಿಂಗಳು ಅದರ ಗ್ರಾಹಕ ಕಂಪನಿಗಳಲ್ಲಿ ಕೆಲಸಕ್ಕೆ ಸೇರಬಾರದು ಎಂಬ ಸಾಲು ಏಜೆನ್ಸಿಗಳ ಪತ್ರಗಳಲ್ಲಿ ಇರುವುದುಂಟು. ಇಂಥ ಷರತ್ತು ಎಷ್ಟರಮಟ್ಟಿಗೆ ಊರ್ಜಿತ ಎಂಬುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಆದರೆ ನಿಮ್ಮ ಯೋಜನೆಯೇ ಏಜೆನ್ಸಿಯ ಮೂಲಕ ಪರಿಚಯವಾದ ಕಂಪನಿಯೊಂದರ ಎಚ್ಆರ್ ವಿಭಾಗಕ್ಕೆ ದಾಟುವುದಾಗಿದ್ದರೆ, ಅವಧಿಯನ್ನು ಕಡಿಮೆ ಮಾಡಿ ಎಂದು, ಅಥವಾ ನೀವು ಸ್ವತಃ ವ್ಯವಹರಿಸಿದ ಗ್ರಾಹಕರಿಗೆ ಮಾತ್ರ ಅದನ್ನು ಸೀಮಿತಗೊಳಿಸಿ ಎಂದು ಸೇರುವ ಮೊದಲೇ ಕೇಳಿ. ಆಫರ್ ಕೈಯಲ್ಲಿದ್ದು ಸಹಿ ಇನ್ನೂ ಹಾಕದಿರುವಾಗ ಕೇಳಿದರೆ ಒಪ್ಪುವ ಸಂಸ್ಥೆಗಳಿವೆ. ಸೇರಿದ ಮೇಲೆ ಆ ಸಾಲನ್ನು ಬದಲಿಸಲು ಯಾರೂ ಮುಂದಾಗುವುದಿಲ್ಲ.